ಲಕ್ಷಣಗಳೇನೂ ಇಲ್ಲದಿದ್ದರೂ ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಬೇಕೆ? ಯಾವಾಗ ಮಾಡಿಸಬೇಕು?

ಪ್ರಶ್ನೆ: ಮುಂಜಾವು

ನನಗೆ 29 ವರ್ಷ. ಕೆಲವು ತಿಂಗಳುಗಳಿಂದ ಒಬ್ಬರೊಂದಿಗೆ ಸಂಬಂಧದಲ್ಲಿದ್ದೇನೆ. ಇಂದಿಗೆ 16 ದಿನಗಳ ಹಿಂದೆ ಸಂಭೋಗದ ವೇಳೆ ಕಾಂಡೋಮ್ ಹರಿದುಹೋಯಿತು. ಅದು ನಮ್ಮ ಗಮನಕ್ಕೆ ಬಂದದ್ದು ಎಲ್ಲ ಮುಗಿದ ಮೇಲೆ. ಗರ್ಭನಿರೋಧಕ ಮಾತ್ರೆಯನ್ನು ಮೊದಲಿನಿಂದಲೂ ತಪ್ಪದೆ ತೆಗೆದುಕೊಳ್ಳುತ್ತಿರುವುದರಿಂದ ಬಸುರಿನ ಭಯ ನನಗಿರಲಿಲ್ಲ. ಆದರೆ ಮರುದಿನ ಮಾತಿನ ನಡುವೆ ಅವರು ತಮಗೆ ಹಿಂದೆ ಬೇರೆ ಸಂಬಂಧಗಳಿದ್ದವೆಂದೂ, ಯಾವ ಪರೀಕ್ಷೆಯನ್ನೂ ಇದುವರೆಗೆ ಮಾಡಿಸಿಕೊಂಡಿಲ್ಲವೆಂದೂ ಹೇಳಿದರು. ಅವರು ಮುಚ್ಚಿಡಲಿಲ್ಲ ಎಂಬುದು ನನಗೆ ಸಮಾಧಾನ ತಂದಿತಾದರೂ ಅಂದಿನಿಂದ ನಿದ್ರೆ ಸರಿಯಾಗಿಲ್ಲ.

ನನಗೆ ನೋವಿಲ್ಲ, ಉರಿಯಿಲ್ಲ, ಹುಣ್ಣಿಲ್ಲ. ಅವರಿಗೂ ಇಲ್ಲ. ಹೀಗಿರುವಾಗ ಪರೀಕ್ಷೆ ಅಗತ್ಯವೆ? ಅಗತ್ಯವಿದ್ದರೆ ಈಗಲೇ ಮಾಡಿಸಿದರೆ ಸಾಕೆ? ಗೆಳತಿಯೊಬ್ಬಳು, ಪರೀಕ್ಷೆಯ ಗೋಜೇ ಬೇಡ, ಔಷಧದಂಗಡಿಯಲ್ಲಿ ಒಂದು ಆಂಟಿಬಯೋಟಿಕ್ ತೆಗೆದುಕೊಂಡು ನುಂಗಿಬಿಡು, ಇದ್ದದ್ದೆಲ್ಲ ಹೋಗುತ್ತದೆ ಎನ್ನುತ್ತಿದ್ದಾಳೆ. ಅದು ಸರಿಯೆ? ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅವರಿಗೆ ಹೇಳಿದರೆ ಅನುಮಾನಪಟ್ಟಂತಾಗುತ್ತದೆಯೇ ಎಂಬ ಅಳುಕೂ ಇದೆ. ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ 1: ನಿವೃತ್ತ ವೈದ್ಯೆ

ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು ನಾನು. ನೀವು ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಲಕ್ಷಣಗಳಿಲ್ಲದಿದ್ದರೂ ಪರೀಕ್ಷೆ ಬೇಕು. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ಲಕ್ಷಣಗಳಿಲ್ಲದವರಿಗಾಗಿಯೇ ಈ ಪರೀಕ್ಷೆಗಳು ಹೆಚ್ಚು ಬೇಕು, ಏಕೆಂದರೆ ನೋವು, ಉರಿ ಇರುವವರು ಹೇಗೂ ಆಸ್ಪತ್ರೆಗೆ ಬರುತ್ತಾರೆ.

ನಾನು ವೃತ್ತಿಗೆ ಬಂದ ಕಾಲದಲ್ಲಿ ಇವುಗಳಿಗೆ ‘ಗುಹ್ಯರೋಗ’ ಎಂಬ ಹೆಸರೇ ಬಳಕೆಯಲ್ಲಿತ್ತು. ಗುಹ್ಯವೆಂದರೆ ಮರೆಯಲ್ಲಿಡಬೇಕಾದದ್ದು. ಹೆಸರು ಕಲಿಸಿದ್ದನ್ನೇ ರೋಗಿಗಳು ಪಾಲಿಸಿದರು. ಮರೆಯಲ್ಲಿಟ್ಟರು, ಮತ್ತು ಮರೆಯಲ್ಲಿಟ್ಟದ್ದು ಬೆಳೆಯಿತು. ಈಗ ‘ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು’ ಎನ್ನುತ್ತೇವೆ. ರೋಗ ಎನ್ನುವ ಬದಲು ಸೋಂಕು ಎನ್ನುವುದರಲ್ಲಿ ಒಂದು ಅರ್ಥವಿದೆ: ರೋಗಾಣು ದೇಹದೊಳಗೆ ಸೇರಿ ನೆಲೆಸಿರಬಹುದು, ಇನ್ನೊಬ್ಬರಿಗೆ ದಾಟಲೂಬಹುದು, ಆದರೂ ಇಟ್ಟುಕೊಂಡವರಿಗೆ ತಿಂಗಳುಗಟ್ಟಲೆ ಒಂದಿಷ್ಟೂ ತೊಂದರೆ ತೋರದಿರಬಹುದು.

ಲೈಂಗಿಕ ಸಂಪರ್ಕದಿಂದ ಹರಡಬಲ್ಲ ಬ್ಯಾಕ್ಟೀರಿಯಾ, ವೈರಸ್ ಮತ್ತು ಪರೋಪಜೀವಿಗಳು 30ಕ್ಕೂ ಹೆಚ್ಚಿವೆ. ಅವುಗಳಲ್ಲಿ ಮುಖ್ಯವಾದವು ಎಂಟು. ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಿಯಾಸಿಸ್ ಎಂಬ ನಾಲ್ಕು ಔಷಧದಿಂದ ಪೂರ್ಣವಾಗಿ ಗುಣವಾಗುತ್ತವೆ. ಹೆಪಟೈಟಿಸ್ ಬಿ, ಹರ್ಪಿಸ್, ಎಚ್‌ಐವಿ, ಎಚ್‌ಪಿವಿ ಎಂಬ ಇನ್ನು ನಾಲ್ಕು ವೈರಸ್‌ಗಳು. ಇವುಗಳನ್ನು ಔಷಧದಿಂದ ಬೇರುಸಹಿತ ಕಿತ್ತುಹಾಕಲು ಇನ್ನೂ ಆಗಿಲ್ಲವಾದರೂ ಒಂದೊಂದನ್ನೂ ತಡೆಯಲು ಅಥವಾ ಹತೋಟಿಯಲ್ಲಿಡಲು ದಾರಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಗುಣವಾಗಬಲ್ಲ ಆ ನಾಲ್ಕು ಸೋಂಕುಗಳೇ 15ರಿಂದ 49 ವರ್ಷದವರಲ್ಲಿ ಪ್ರತಿದಿನ 10 ಲಕ್ಷಕ್ಕೂ ಹೆಚ್ಚು ಬಾರಿ ಹೊಸದಾಗಿ ತಗಲುತ್ತವೆ. ಅಷ್ಟು ಸಾಮಾನ್ಯವಾದದ್ದನ್ನು ನಡತೆಯ ತೀರ್ಪಿನಂತೆ ನೋಡುವುದು ವೈದ್ಯಕೀಯವಾಗಿ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು.

ಕ್ಲಮೈಡಿಯಾ ತಗಲಿದ ಹೆಂಗಸರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಚಿಕಿತ್ಸೆಯಿಲ್ಲದೆ ಉಳಿದರೆ ನೂರರಲ್ಲಿ ಸುಮಾರು 10ರಿಂದ 15 ಮಂದಿಯಲ್ಲಿ ಅದು ಗರ್ಭಕಂಠವನ್ನು ದಾಟಿ ಮೇಲೇರಿ ಗರ್ಭಕೋಶ ಮತ್ತು ಗರ್ಭನಾಳಗಳಲ್ಲಿ ಉರಿಯೂತ ಉಂಟುಮಾಡುತ್ತದೆ. ಆ ನಾಳಗಳ ಒಳಗೆ ಗಾಯದ ಕಲೆ ಉಳಿದರೆ ಮುಂದೆ ಮಕ್ಕಳಾಗದಿರಬಹುದು, ಅಥವಾ ಗರ್ಭವು ನಾಳದಲ್ಲಿಯೇ ಕಟ್ಟಿ ಜೀವಕ್ಕೆ ಅಪಾಯವಾಗಬಹುದು. ಮಗು ಬೇಕೆಂದು ವರ್ಷಗಟ್ಟಲೆ ಅಲೆದ ಮೇಲೆ, ಎಂದೋ ತಗಲಿದ್ದ, ತಮಗೆ ಗೊತ್ತೇ ಆಗದಿದ್ದ ಒಂದು ಸೋಂಕಿನಿಂದ ನಾಳಗಳು ಮುಚ್ಚಿಹೋಗಿವೆ ಎಂದು ತಿಳಿದು ನನ್ನೆದುರು ಮೌನವಾಗಿ ಕುಳಿತ ಹೆಂಗಸರ ಮುಖಗಳನ್ನು ನಾನು ಮರೆತಿಲ್ಲ.

ಸಿಫಿಲಿಸ್ ಬೇರೆ ರೀತಿಯಲ್ಲಿ ಮೋಸಮಾಡುತ್ತದೆ. ಮೊದಲು ನೋವಿಲ್ಲದ ಒಂದು ಹುಣ್ಣಾಗುತ್ತದೆ. ಅದು ಕಾಣದ ಜಾಗದಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೂ 3ರಿಂದ 6 ವಾರಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ಮಾಯಿತೆಂದು ಮನುಷ್ಯ ನೆಮ್ಮದಿಯಾಗುತ್ತಾನೆ. ಆಮೇಲೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕೆಂಪು ಗಂಧೆಗಳು ಬಂದು ಅವೂ ಹೋಗುತ್ತವೆ. ನಂತರ ವರ್ಷಗಳ ಕಾಲ ಏನೂ ಇಲ್ಲದೆ, ಕೆಲವರಲ್ಲಿ ಕೊನೆಗೆ ಹೃದಯಕ್ಕೂ ಮಿದುಳಿಗೂ ಹಾನಿಯಾಗುತ್ತದೆ. ಬಸುರಿಯಿಂದ ಮಗುವಿಗೂ ದಾಟುತ್ತದೆ. ಗರ್ಭಿಣಿಯರೆಲ್ಲರಿಗೂ ಈ ರಕ್ತಪರೀಕ್ಷೆ ಮಾಡಿಸಬೇಕೆನ್ನುವುದು ಅದಕ್ಕಾಗಿಯೇ.

ನಿಮ್ಮ ಗೆಳತಿಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅವರ ಕಾಳಜಿ ಒಳ್ಳೆಯದೇ, ಆದರೆ ಯಾವ ಸೋಂಕೆಂದು ತಿಳಿಯದೆ ನುಂಗುವ ಆಂಟಿಬಯೋಟಿಕ್ ಒಂದು ಸೋಂಕನ್ನು ಅರೆಬರೆ ಅಡಗಿಸಿ, ಇನ್ನೊಂದನ್ನು ಮುಟ್ಟದೆ ಬಿಟ್ಟು, ಪರೀಕ್ಷೆಯ ಫಲಿತಾಂಶವನ್ನೂ ಗೊಂದಲಗೊಳಿಸಬಹುದು. ಗೊನೊರಿಯಾದ ಕಥೆಯನ್ನೇ ನೋಡಿ. 1930ರ ದಶಕದಲ್ಲಿ ಸಲ್ಫಾ ಔಷಧಗಳು ಬಂದವು; ಹೆಚ್ಚು ವರ್ಷಗಳಾಗುವ ಮೊದಲೇ ಆ ರೋಗಾಣು ಅವುಗಳಿಗೆ ಜಗ್ಗದಾಯಿತು. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಒಂದರ ಹಿಂದೊಂದು ಸೋತವು. ಇಂದು ನಾವು ಮುಖ್ಯವಾಗಿ ನೆಚ್ಚಿಕೊಂಡಿರುವುದು ಸೆಫ್ಟ್ರಿಯಾಕ್ಸೋನ್ ಎಂಬ ಚುಚ್ಚುಮದ್ದನ್ನು. ಅದಕ್ಕೂ ಜಗ್ಗದ ತಳಿಗಳು ಕಾಣಿಸಿಕೊಂಡಿವೆ. ಇದಕ್ಕೆ ತದ್ವಿರುದ್ಧವಾಗಿ, 1943ರಲ್ಲಿ ಮೊದಲ ಬಾರಿ ಪೆನಿಸಿಲಿನ್ ಕೊಟ್ಟಂದಿನಿಂದ ಇಂದಿನವರೆಗೂ ಸಿಫಿಲಿಸ್ ಅದಕ್ಕೆ ಮಣಿಯುತ್ತಲೇ ಇದೆ. ಆರಂಭದ ಹಂತದಲ್ಲಿ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಚುಚ್ಚುಮದ್ದು ಸಾಕಾಗುತ್ತದೆ. ಆದರೆ ಅದು ಮಾತ್ರೆಯಲ್ಲ, ಚುಚ್ಚುಮದ್ದು. ಅಂಗಡಿಯಿಂದ ತಂದು ನುಂಗಿದ ಯಾವುದೋ ಮಾತ್ರೆ ಆ ಕೆಲಸ ಮಾಡುವುದಿಲ್ಲ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಇಂಥ ಸಂದರ್ಭದಲ್ಲಿ ಎಚ್‌ಐವಿ ತಗಲುವುದನ್ನು ತಡೆಯುವ ತುರ್ತು ಔಷಧವಿದೆ. ಅದನ್ನು 72 ಗಂಟೆಗಳೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ನಿಮ್ಮ ವಿಷಯದಲ್ಲಿ ಆ ಗಡುವು ದಾಟಿದೆ. ಹಾಗೆಂದು ಗಾಬರಿಯಾಗಬೇಡಿ, ಕಾಂಡೋಮ್ ಒಂದು ಸಲ ಹರಿದ ಮಾತ್ರಕ್ಕೆ ಸೋಂಕು ತಗಲಿಯೇ ತೀರುತ್ತದೆಂದು ಅರ್ಥವಲ್ಲ.

ಉತ್ತರ 2: ಪ್ರಯೋಗಾಲಯದಿಂದ

ವೈದ್ಯರು ಹೇಳಿದ್ದಕ್ಕೆ ನನ್ನ ಕೆಲಸಕ್ಕೆ ಸಂಬಂಧಿಸಿದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ನಾನು ರಕ್ತ ಮತ್ತು ಮೂತ್ರದ ಮಾದರಿಗಳನ್ನು ಪರೀಕ್ಷಿಸುವ ತಂತ್ರಜ್ಞ. ನಮ್ಮಲ್ಲಿಗೆ ಬರುವವರ ಅತಿ ದೊಡ್ಡ ತಪ್ಪುಕಲ್ಪನೆ ಎಂದರೆ, ಇಂದು ‘ಇಲ್ಲ’ ಎಂದು ಬಂದರೆ ಎಂದೆಂದಿಗೂ ಇಲ್ಲ ಎಂದು ತಿಳಿಯುವುದು. ಸೋಂಕು ತಗಲಿದ ದಿನಕ್ಕೂ ಅದು ಪರೀಕ್ಷೆಯಲ್ಲಿ ಕಾಣುವ ದಿನಕ್ಕೂ ನಡುವೆ ಒಂದು ಅಂತರವಿದೆ. ಅದನ್ನು ವಿಂಡೋ ಅವಧಿ ಎನ್ನುತ್ತಾರೆ. ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಮೊಳಕೆ ಹುಡುಕಿದರೆ ಸಿಗುವುದಿಲ್ಲ, ಆದರೆ ಬೀಜ ಮಣ್ಣಿನೊಳಗೆ ಇಲ್ಲವೆಂದು ಹೇಳಲಾಗದು.

ಕ್ಲಮೈಡಿಯಾ ಮತ್ತು ಗೊನೊರಿಯಾ ಸುಮಾರು ಎರಡು ವಾರಗಳಲ್ಲಿ ಪರೀಕ್ಷೆಗೆ ಸಿಗುತ್ತವೆ. ನಿಮಗೆ 16 ದಿನಗಳಾಗಿರುವುದರಿಂದ ಇವೆರಡನ್ನೂ ಈಗಲೇ ಮಾಡಿಸಬಹುದು. ಎಚ್‌ಐವಿಗೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುವ ಪರೀಕ್ಷೆ ಸಾಮಾನ್ಯವಾಗಿ 18ರಿಂದ 45 ದಿನಗಳೊಳಗೆ ಸೋಂಕನ್ನು ತೋರಿಸುತ್ತದೆ. 45 ದಿನ ಕಳೆದ ಮೇಲೆ ಬಂದ ‘ಇಲ್ಲ’ವನ್ನು ನಂಬಬಹುದು. ಬರೀ ಪ್ರತಿಕಾಯವನ್ನು ಹುಡುಕುವ ತ್ವರಿತ ಪರೀಕ್ಷೆಯಾದರೆ 90 ದಿನ ಕಾಯಬೇಕು. ಆದ್ದರಿಂದ ಯಾವ ಬಗೆಯ ಪರೀಕ್ಷೆ ಎಂದು ಕೇಳಿ ತಿಳಿದುಕೊಳ್ಳಿ. ಸಿಫಿಲಿಸ್‌ನ ಮೊದಲ ಹುಣ್ಣು ಕಾಣಿಸಿಕೊಳ್ಳುವುದಕ್ಕೇ 10ರಿಂದ 90 ದಿನ ಹಿಡಿಯಬಹುದು; ಅದರ ಕೊನೆಯ ರಕ್ತಪರೀಕ್ಷೆಯನ್ನು ಮೂರು ತಿಂಗಳು ತುಂಬಿದ ಮೇಲೆ ಮಾಡಿಸುವುದು ಕ್ಷೇಮ. ಈ ನಡುವೆ ಮತ್ತೆ ಅಸುರಕ್ಷಿತ ಸಂಪರ್ಕವಾದರೆ ಲೆಕ್ಕವನ್ನು ಆ ದಿನದಿಂದ ಹೊಸದಾಗಿ ಹಿಡಿಯಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಮಾದರಿ ಕೊಡುವ ರೀತಿಯೂ ಮುಖ್ಯ. ಹೆಂಗಸರಿಗೆ ಕ್ಲಮೈಡಿಯಾ ಮತ್ತು ಗೊನೊರಿಯಾದ ಪರೀಕ್ಷೆಗೆ ಮೂತ್ರಕ್ಕಿಂತ ಯೋನಿಯಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿ ಹೆಚ್ಚು ವಿಶ್ವಾಸಾರ್ಹ, ಮತ್ತು ಅದನ್ನು ಬಾಗಿಲು ಹಾಕಿಕೊಂಡು ನೀವೇ ತೆಗೆದುಕೊಡಬಹುದು. ಗಂಡಸರು ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಮೊದಲು ಬರುವ ಮೂತ್ರವನ್ನೇ ಹಿಡಿಯಬೇಕು, ಮಧ್ಯದ ಧಾರೆಯಲ್ಲ. ಬಾಯಿಯ ಅಥವಾ ಗುದದ ಮೂಲಕ ಸಂಪರ್ಕವಾಗಿದ್ದರೆ ಆ ಮಾತನ್ನು ಸಂಕೋಚವಿಲ್ಲದೆ ತಿಳಿಸಿ, ಏಕೆಂದರೆ ಗಂಟಲಿನಲ್ಲಿರುವ ಗೊನೊರಿಯಾ ಮೂತ್ರದಲ್ಲಿ ಕಾಣುವುದಿಲ್ಲ. ಅಲ್ಲಿಂದಲೇ ಬೇರೆ ಮಾದರಿ ತೆಗೆಯಬೇಕು. ನಮಗೆ ಅದು ಮಾದರಿ ಎಲ್ಲಿಂದ ತೆಗೆಯಬೇಕೆಂಬ ಮಾಹಿತಿ ಮಾತ್ರ.

ಇನ್ನೊಂದು ವಿಷಯ. ಸಿಫಿಲಿಸ್‌ಗೆ ಎರಡು ಬಗೆಯ ರಕ್ತಪರೀಕ್ಷೆಗಳಿವೆ. ಒಂದರಲ್ಲಿ ರಕ್ತದಲ್ಲಿರುವ ಪ್ರತಿಕಾಯದ ಪ್ರಮಾಣ ತಿಳಿಯುತ್ತದೆ, ಚಿಕಿತ್ಸೆಯ ನಂತರ ಅದು ಇಳಿಯುತ್ತಾ ಬರುತ್ತದೆ. ಇನ್ನೊಂದು, ರೋಗ ಪೂರ್ಣ ಗುಣವಾದರೂ ಬಹುತೇಕರಲ್ಲಿ ಜೀವನಪೂರ್ತಿ ‘ಇದೆ’ ಎಂದೇ ತೋರಿಸುತ್ತದೆ. ಎಂದೋ ಗುಣವಾದವರು ಈ ಎರಡನೆಯ ವರದಿಯನ್ನು ಕೈಯಲ್ಲಿ ಹಿಡಿದು ಅಳುವುದನ್ನು ಕಂಡಿದ್ದೇನೆ. ವರದಿಯನ್ನು ವೈದ್ಯರೊಂದಿಗೆ ಕುಳಿತು ಓದಿ. ಹರ್ಪಿಸ್‌ನ ರಕ್ತಪರೀಕ್ಷೆಯಲ್ಲಿಯೂ ಸುಳ್ಳು ‘ಇದೆ’ ಬರುವುದು ಸಾಮಾನ್ಯವಾದ್ದರಿಂದ, ಲಕ್ಷಣಗಳಿಲ್ಲದವರು ಅದನ್ನು ಮಾಡಿಸದಿರುವುದೇ ಒಳ್ಳೆಯದು. ಹುಣ್ಣು ಬಂದರೆ ಆ ಹುಣ್ಣಿನಿಂದಲೇ ಮಾದರಿ ತೆಗೆಯಬೇಕು.

ಉತ್ತರ 3: ಮಾತಿನ ಭಾರ

ಅವರಿಗೆ ಹೇಳುವುದು ಹೇಗೆ ಎಂಬ ನಿಮ್ಮ ಅಳುಕಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದರ ಎರಡೂ ಬದಿಗಳಲ್ಲಿ ನಾನು ನಿಂತಿದ್ದೇನೆ.

ಹಿಂದೆ ನನ್ನ ಸಂಗಾತಿಯಾಗಿದ್ದವರೊಬ್ಬರು, ನಾವು ಬೇರೆಯಾಗಿ ತಿಂಗಳುಗಳ ನಂತರ ದೂರವಾಣಿ ಮಾಡಿ, ತಮಗೆ ಕ್ಲಮೈಡಿಯಾ ಇರುವುದು ಪರೀಕ್ಷೆಯಲ್ಲಿ ತಿಳಿದಿದೆ, ನೀವೂ ಮಾಡಿಸಿಕೊಳ್ಳಿ ಎಂದರು. ನನಗೆ ಏನೂ ತೊಂದರೆಯಿರಲಿಲ್ಲ. ಮೊದಲು ಕೋಪ ಬಂತು, ಅವಮಾನವಾಯಿತು, ಎರಡು ದಿನ ಉತ್ತರಿಸಲಿಲ್ಲ. ಮೂರನೆಯ ದಿನ ಪರೀಕ್ಷೆಗೆ ಹೋದೆ, ನನಗೂ ಇತ್ತು. ಆಗ ನಾನು ಹೊಸ ಸಂಬಂಧದಲ್ಲಿದ್ದೆ. ಅಂದರೆ ನನಗೆ ಬಂದ ಕರೆಯನ್ನೇ ನಾನು ಇನ್ನೊಬ್ಬರಿಗೆ ಮಾಡಬೇಕಾಗಿತ್ತು. ಅವರಿಗೆ ನಾನು ಹೇಳಿದ್ದು ಇಷ್ಟೇ: “ನನಗೆ ಒಂದು ಸೋಂಕು ಇರುವುದು ತಿಳಿದಿದೆ, ನನಗೆ ಗೊತ್ತಿಲ್ಲದೆ ಅದು ನಿಮಗೂ ಬಂದಿರಬಹುದು, ಒಂದು ವಾರದ ಮಾತ್ರೆಯಿಂದ ಗುಣವಾಗುತ್ತದೆ, ನಾನು ನಿಮ್ಮ ಜೊತೆ ಬರುತ್ತೇನೆ.” ಯಾರಿಂದ ಬಂತು, ಯಾವಾಗ ಬಂತು ಎಂಬ ವಿಚಾರಣೆಯನ್ನು ನಾವಿಬ್ಬರೂ ಬೇಕೆಂದೇ ಬಿಟ್ಟೆವು. ಲಕ್ಷಣವಿಲ್ಲದೆ ಬಹುಕಾಲ ಇರಬಲ್ಲ ಸೋಂಕಿನಲ್ಲಿ ಆ ಪ್ರಶ್ನೆಗೆ ಖಚಿತವಾದ ಉತ್ತರವೂ ಇರುವುದಿಲ್ಲ.

ಇಬ್ಬರೂ ದಿನಕ್ಕೆರಡು ಬಾರಿಯಂತೆ 7 ದಿನ ಡಾಕ್ಸಿಸೈಕ್ಲಿನ್ ತೆಗೆದುಕೊಂಡೆವು, ಮಾತ್ರೆ ಮುಗಿಯುವವರೆಗೆ ದೂರವಿದ್ದೆವು. ಒಬ್ಬರು ಮಾತ್ರ ಚಿಕಿತ್ಸೆ ಪಡೆದರೆ ಸೋಂಕು ಚೆಂಡಿನಂತೆ ಇತ್ತಿಂದತ್ತ ಓಡಾಡುತ್ತಿರುತ್ತದೆ. ಒಮ್ಮೆ ಬಂದು ಹೋದ ಮಾತ್ರಕ್ಕೆ ರಕ್ಷಣೆಯೂ ಬರುವುದಿಲ್ಲವಾದ್ದರಿಂದ ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಲು ವೈದ್ಯರು ಹೇಳಿದ್ದರು, ಮಾಡಿಸಿದೆವು.

ನೀವು ಅವರಿಗೆ “ನೀವು ಮಾಡಿಸಿಕೊಳ್ಳಿ” ಎನ್ನುವ ಬದಲು “ನಾವಿಬ್ಬರೂ ಮಾಡಿಸೋಣ” ಎನ್ನಿ. ಅಂದು ನನಗೆ ಕರೆ ಮಾಡಿದವರ ಧೈರ್ಯಕ್ಕೆ ನಾನು ಇಂದಿಗೂ ಕೃತಜ್ಞನಾಗಿದ್ದೇನೆ. ಇದನ್ನು ಅವರಿಗೂ ಹೇಳಿದ್ದೇನೆ.

ಮುಂಜಾವು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಅವರಿಗೆ ನಿನ್ನೆ ರಾತ್ರಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೂ ಇದನ್ನೇ ಯೋಚಿಸುತ್ತಿದ್ದೆ, ಕೇಳಲು ಧೈರ್ಯವಿರಲಿಲ್ಲ ಎಂದರು. ಇಬ್ಬರೂ ಹೋಗುತ್ತಿದ್ದೇವೆ.

ಇನ್ನೆರಡು ಪ್ರಶ್ನೆಗಳಿವೆ. ಕಾಂಡೋಮ್ ಹರಿದದ್ದೇಕೆ ಎಂದು ನಮಗೆ ತಿಳಿದಿಲ್ಲ. ಒಣಗಿದಂತೆ ಅನಿಸಿದ್ದರಿಂದ ಅಂದು ತೆಂಗಿನೆಣ್ಣೆ ಬಳಸಿದ್ದೆವು, ಅದು ಕಾರಣವಿರಬಹುದೆ? ಎರಡನೆಯದು, ತಿಂಗಳ ಮಧ್ಯೆ ನನಗೆ ಮೊದಲಿನಿಂದಲೂ ಬಿಳಿಸೆರಗು ಹೋಗುತ್ತದೆ. ಅದೂ ಸೋಂಕಿನ ಲಕ್ಷಣವೆ? ಸ್ವಚ್ಛವಾಗಿರಲೆಂದು ಈ ದಿನಗಳಲ್ಲಿ ಒಳಗೆಲ್ಲ ಸೋಪು ಹಾಕಿ ತೊಳೆಯುತ್ತಿದ್ದೇನೆ.

ಉತ್ತರ 4: ಶುಶ್ರೂಷಕಿ

ಆ ಎಣ್ಣೆಯೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಸಿಗುವ ಕಾಂಡೋಮ್‌ಗಳು ಲೇಟೆಕ್ಸ್ ರಬ್ಬರಿನವು. ತೆಂಗಿನೆಣ್ಣೆಯಾಗಲಿ, ವ್ಯಾಸಲೀನ್ ಆಗಲಿ, ಕೈಗೆ ಹಚ್ಚುವ ಕ್ರೀಮಾಗಲಿ, ಎಣ್ಣೆಯಂಶವಿರುವ ಏನನ್ನು ಹಚ್ಚಿದರೂ ಆ ರಬ್ಬರು ಕೆಲವೇ ನಿಮಿಷಗಳಲ್ಲಿ ದುರ್ಬಲವಾಗುತ್ತದೆ. ನೀರಿನ ಅಥವಾ ಸಿಲಿಕೋನಿನ ಜಾರುಕ ದ್ರವವನ್ನು ಮಾತ್ರ ಬಳಸಿ. ಬಳಸಲು ಹಿಂಜರಿಯಬೇಡಿ, ಒಣಗಿದ್ದಾಗ ಉಜ್ಜಿಕೊಂಡು ಹರಿಯುವುದೂ ಉಂಟು. ಪೊಟ್ಟಣದ ಮೇಲಿನ ಅವಧಿಯ ದಿನಾಂಕ ನೋಡಿ. ಪರ್ಸಿನಲ್ಲಿ ಬಹುಕಾಲ ಇಟ್ಟದ್ದು ಮೈಯ ಶಾಖಕ್ಕೂ ಒತ್ತಡಕ್ಕೂ ಕೆಟ್ಟಿರುತ್ತದೆ. ಹಲ್ಲಿನಿಂದ ಹರಿಯಬೇಡಿ, ತುದಿಯನ್ನು ಒತ್ತಿ ಗಾಳಿ ತೆಗೆಯಿರಿ, ಹೆಚ್ಚು ರಕ್ಷಣೆಯೆಂದು ಒಂದರ ಮೇಲೊಂದು ಹಾಕಬೇಡಿ. ಸಂಪರ್ಕದ ಆರಂಭದಿಂದ ಕೊನೆಯವರೆಗೂ ಅದು ಇರಬೇಕು. ನಡುವೆ ಹಾಕಿಕೊಳ್ಳುವುದು ರಕ್ಷಣೆಯಲ್ಲ.

ಕಾಂಡೋಮ್ ಎಚ್‌ಐವಿ, ಗೊನೊರಿಯಾ, ಕ್ಲಮೈಡಿಯಾಗಳನ್ನು ಚೆನ್ನಾಗಿ ತಡೆಯುತ್ತದೆ. ಹರ್ಪಿಸ್, ಎಚ್‌ಪಿವಿ ಮತ್ತು ಸಿಫಿಲಿಸ್ ಅದು ಮುಚ್ಚದ ಚರ್ಮದಿಂದಲೂ ದಾಟಬಲ್ಲವಾದ್ದರಿಂದ ಅವುಗಳ ಮೇಲೆ ರಕ್ಷಣೆ ಇದೆ, ಆದರೆ ಪೂರ್ಣವಲ್ಲ. ನಿಮ್ಮ ಗರ್ಭನಿರೋಧಕ ಮಾತ್ರೆ ಬಸುರನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ, ಕಾಪರ್-ಟಿಯೂ ಅಷ್ಟೇ. ಇವೆರಡು ಬೇರೆ ಬೇರೆ ಕೆಲಸಗಳು.

ಬಿಳಿಸೆರಗಿನ ಬಗ್ಗೆ ನೆಮ್ಮದಿಯಾಗಿರಿ. ಅಂಡೋತ್ಪತ್ತಿಯ ದಿನಗಳಲ್ಲಿ ತಿಳಿಯಾದ ಅಥವಾ ಬಿಳಿಯಾದ, ದುರ್ವಾಸನೆಯಿಲ್ಲದ ಸ್ರಾವ ಆರೋಗ್ಯದ್ದೇ. ಮೊಸರಿನಂತೆ ಗಟ್ಟಿಯಾಗಿ ತುರಿಕೆಯೊಂದಿಗೆ ಬಂದರೆ ಅದು ಬಹುಮಟ್ಟಿಗೆ ಬೂಷ್ಟಿನ ಸೋಂಕು, ಸಾಮಾನ್ಯವಾಗಿ ಲೈಂಗಿಕ ಸಂಪರ್ಕದಿಂದ ಬಂದದ್ದಲ್ಲ. ಹಳದಿ ಅಥವಾ ಹಸಿರು ಬಣ್ಣ, ಕೆಟ್ಟ ವಾಸನೆ, ಸಂಭೋಗದ ನಂತರ ರಕ್ತ, ಮೂತ್ರದಲ್ಲಿ ಉರಿ ಇದ್ದರೆ ತೋರಿಸಿ. ಕಿಬ್ಬೊಟ್ಟೆಯ ನೋವಿನೊಂದಿಗೆ ಜ್ವರ ಬಂದರೆ ಅದೇ ದಿನ ಹೋಗಿ. ಒಳಗೆ ಸೋಪು ಹಾಕಿ ತೊಳೆಯುವುದನ್ನು ಇಂದೇ ನಿಲ್ಲಿಸಿ. ಯೋನಿಯೊಳಗೆ ರಕ್ಷಣೆಗಾಗಿಯೇ ಇರುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಸೂಕ್ಷ್ಮಾಣುಗಳು ಅಲ್ಲಿ ಆಮ್ಲೀಯತೆಯನ್ನು ಕಾಪಾಡುತ್ತವೆ. ತೊಳೆದರೆ ಅವೇ ಹೋಗುತ್ತವೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು.

ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿ. ಹೆಪಟೈಟಿಸ್ ಬಿ ಲಸಿಕೆ ಬಾಲ್ಯದಲ್ಲಿ ಆಗಿಲ್ಲದಿದ್ದರೆ ಈಗಲೂ ತೆಗೆದುಕೊಳ್ಳಬಹುದು. ಎಚ್‌ಪಿವಿಯ 16 ಮತ್ತು 18ನೇ ಬಗೆಗಳೇ ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇಕಡಾ 70ಕ್ಕೆ ಕಾರಣ. 2006ರಿಂದ ಅದಕ್ಕೆ ಲಸಿಕೆಯಿದೆ. 9ರಿಂದ 14ರ ವಯಸ್ಸಿನಲ್ಲಿ, ಲೈಂಗಿಕ ಜೀವನ ಆರಂಭವಾಗುವ ಮೊದಲು ಕೊಟ್ಟರೆ ಅದರ ಪ್ರಯೋಜನ ಅತಿ ಹೆಚ್ಚು, ಆದರೂ ನಿಮ್ಮ ವಯಸ್ಸಿನಲ್ಲಿ ಅದರಿಂದ ಲಾಭವಿದೆಯೇ ಎಂದು ವಿಚಾರಿಸಿ ನೋಡಬಹುದು.

ಮುಂಜಾವು

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಪ್ರಶ್ನೆ. ಎಚ್‌ಐವಿ ‘ಇದೆ’ ಎಂದು ಬಂದರೆ?

ನಿವೃತ್ತ ವೈದ್ಯೆ

ಮೊದಲು ಇನ್ನೊಂದು ಬಗೆಯ ಪರೀಕ್ಷೆಯಿಂದ ಅದನ್ನು ಖಚಿತಪಡಿಸುತ್ತಾರೆ. ಖಚಿತವಾದರೆ ತಡಮಾಡದೆ, ಸಾಧ್ಯವಾದರೆ ಅದೇ ದಿನವೇ ಔಷಧ ಆರಂಭಿಸುತ್ತಾರೆ. 1980ರ ದಶಕದ ಭಯವನ್ನೇ ಇಂದಿಗೂ ಹೊತ್ತುಕೊಂಡಿರುವವರು ಬಹಳ ಮಂದಿ. ಆಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಈಗ ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳುವವರ ಆಯುಷ್ಯ ಇತರರ ಆಯುಷ್ಯಕ್ಕೆ ಹತ್ತಿರವಾಗಿದೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಸತ್ಯವಿದು. ಅಂಥವರು ಮದುವೆಯಾಗುತ್ತಾರೆ, ಸೋಂಕಿಲ್ಲದ ಮಕ್ಕಳನ್ನು ಹೆರುತ್ತಾರೆ. ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಅಪ್ಪಿಕೊಳ್ಳುವುದರಿಂದ, ಸೊಳ್ಳೆ ಕಚ್ಚುವುದರಿಂದ ಅದು ಹರಡುವುದಿಲ್ಲ. ನೀವು ಪರೀಕ್ಷೆಗೆ ಹೋಗಿ, ತಾಯಿ. ತಿಳಿದ ಸೋಂಕಿಗೆ ನಾವು ಏನಾದರೂ ಮಾಡಬಲ್ಲೆವು.

ಮುಂಜಾವು

ಇಂದು ಇಬ್ಬರೂ ಹೋಗಿ ಬಂದೆವು. ಕ್ಲಮೈಡಿಯಾ, ಗೊನೊರಿಯಾಗಳಿಗೆ ಮಾದರಿ ಕೊಟ್ಟೆವು. ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್ ಬಿ ಇವುಗಳಿಗೆ ಮೊದಲ ಸುತ್ತಿನ ರಕ್ತ ಕೊಟ್ಟೆವು. ಹೆಪಟೈಟಿಸ್ ಬಿ ಲಸಿಕೆ ನನಗೆ ಬಾಲ್ಯದಲ್ಲಿಯೇ ಆಗಿದೆಯಂತೆ; ಅಮ್ಮನನ್ನು ಕೇಳಿ ತಿಳಿದುಕೊಂಡೆ. ಅವರಿಗೆ ಆಗಿಲ್ಲ, ವರದಿ ಬಂದ ಮೇಲೆ ತೆಗೆದುಕೊಳ್ಳುತ್ತಾರೆ. 45ನೇ ದಿನ ಮತ್ತು 90ನೇ ದಿನ ಯಾವ ವಾರ ಬರುತ್ತವೆಂದು ನೋಡಿ ಇಬ್ಬರ ಫೋನಿನಲ್ಲಿಯೂ ಗುರುತು ಹಾಕಿಟ್ಟಿದ್ದೇವೆ.